ಬ್ಯಾಂಡಿನ ಮಕ್ಕಳಿಗೆ ಮನೋಧರ್ಮದ ಪಾಠ

ಅಮೆರಿಕ ಸಂಯುಕ್ತ ಸಂಸ್ಥಾನದ ಶಾಲೆಗಳಲ್ಲಿ ಐದನೆಯ ಅಥವಾ ಆರನೆಯ ತರಗತಿಗೆ ಬಂದ ಮಕ್ಕಳಿಗೆ ವಾದ್ಯವೃಂದದ ಪಾಠವನ್ನು ಆರಂಭಿಸುವುದು ಬಹುಕಾಲದಿಂದ ನಡೆದುಬಂದ ವಾಡಿಕೆಯಾಗಿದೆ. ಹತ್ತು ಹನ್ನೊಂದು ವರ್ಷದ ಮಗುವು ಟ್ರಂಪೆಟ್ ಎಂಬ ತುತ್ತೂರಿಯನ್ನೋ, ಕ್ಲಾರಿನೆಟ್ಟನ್ನೋ, ಸ್ಯಾಕ್ಸೊಫೋನನ್ನೋ, ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸಿ ನುಡಿಸುವ ಟ್ರಾಂಬೋನನ್ನೋ ಆರಿಸಿಕೊಳ್ಳುತ್ತದೆ. ಪ್ರತಿಯೊಬ್ಬರ ಮುಂದೆಯೂ ಒಂದು ಸ್ಟ್ಯಾಂಡು, ಅದರ ಮೇಲೆ ಅಚ್ಚಾದ ಸ್ವರಲಿಪಿಯ ಪುಸ್ತಕ. ಆರು ತಿಂಗಳು ಕಳೆಯುವಷ್ಟರಲ್ಲಿ ನಲವತ್ತು ಮಕ್ಕಳು ಒಟ್ಟಾಗಿ ಒಂದು ಸಣ್ಣ ಹಾಡನ್ನು, ಕೇಳಿದವರು ಗುರುತಿಸಬಹುದಾದಷ್ಟು ಸರಿಯಾಗಿ ಊದಬಲ್ಲರು. ಇದು ಸಾಮಾನ್ಯ ಸಾಧನೆಯೇನಲ್ಲ.

ಆದರೆ ಇಂತಹ ತರಗತಿಯಲ್ಲಿ ಒಂದು ದಿನ ಉಪಾಧ್ಯಾಯನು, “ಪುಸ್ತಕವನ್ನು ಮುಚ್ಚಿರಿ, ನಾಲ್ಕು ಎಣಿಕೆಯ ಕಾಲ ನಿಮಗೆ ತೋಚಿದ್ದನ್ನು ಊದಿರಿ” ಎಂದು ಹೇಳಿದನೆಂದು ಊಹಿಸೋಣ. ಅದುವರೆಗೆ ಗದ್ದಲದಿಂದ ಕಿವಿಗಡಚಿಕ್ಕುತ್ತಿದ್ದ ಕೊಠಡಿಯು ಥಟ್ಟನೆ ಮೌನವಾಗುತ್ತದೆ. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. “ಏನನ್ನು ಊದಬೇಕು?” ಎಂಬುದೇ ಎಲ್ಲರ ಪ್ರಶ್ನೆ. ಬೀದಿಯಲ್ಲಿ ಆಡುವಾಗ ತಾವೇ ಹಾಡು ಕಟ್ಟಿ ಕೂಗುವ ಮಕ್ಕಳಿಗೆ, ಕೈಗೆ ವಾದ್ಯ ಬಂದೊಡನೆ ಹೇಳಲು ಏನೂ ಇಲ್ಲದಂತಾಗುವುದೇಕೆ?

ಈ ಪ್ರಶ್ನೆ ಜಾಜ್ ಸಂಗೀತವನ್ನು ಕಲಿಸುವವರಿಗೆ ಬಲು ಮುಖ್ಯವಾದುದು. ಜಾಜ್ ಎಂಬುದು ಅಮೆರಿಕದ ನೀಗ್ರೋ ಜನಾಂಗದವರು ಹಿಂದಿನ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಮುಂತಾದ ಪಟ್ಟಣಗಳಲ್ಲಿ ರೂಪಿಸಿದ ಸಂಗೀತವೆಂದು ಹಿಂದೆ ನಮ್ಮ ಪತ್ರಿಕೆಗಳು ಬರೆಯುತ್ತಿದ್ದವು. ಇಂದು ಆ ಜನರನ್ನು ಆಫ್ರಿಕನ್ ಅಮೆರಿಕನರೆಂದು ಕರೆಯುತ್ತೇವೆ. ಅದರ ಜೀವಾಳವೆಂದರೆ, ಗೊತ್ತಾದ ಒಂದು ಹಾಡಿನ ಚೌಕಟ್ಟನ್ನು ಹಿಡಿದು, ವಾದಕನು ಆ ಕ್ಷಣದಲ್ಲಿಯೇ ಹೊಸ ಸ್ವರಸಂಚಾರವನ್ನು ಕಟ್ಟುತ್ತಾ ಹೋಗುವುದು. ಆಶುಕವಿತೆ ಎನ್ನುವಂತೆ ಇದನ್ನು ಆಶುವಾದನ ಎನ್ನಬಹುದು. ನಮ್ಮ ಸಂಗೀತಗಾರರ ಮಾತಿನಲ್ಲಿ ಹೇಳುವುದಾದರೆ ಇದು ಮನೋಧರ್ಮ. ಕಲ್ಪನಾಸ್ವರ ಹಾಡುವ ವಿದ್ವಾಂಸನು ಮಾಡುವ ಕೆಲಸಕ್ಕೆ ಹತ್ತಿರವಾದುದು.

ಇಷ್ಟು ಮುಖ್ಯವಾದ ವಿದ್ಯೆಗೆ ವಿದ್ಯಾಲಯಗಳು ಬಹಳ ತಡವಾಗಿ ಬಾಗಿಲು ತೆರೆದವು. ಟೆಕ್ಸಾಸ್ ಸಂಸ್ಥಾನದ ಡೆಂಟನ್ ಊರಿನ ಕಾಲೇಜು 1947ರಲ್ಲಿ ಈ ವಿಷಯದಲ್ಲಿ ಪದವಿಯನ್ನು ಆರಂಭಿಸಿದಾಗ, ‘ಜಾಜ್’ ಎಂಬ ಪದವು ಮರ್ಯಾದಸ್ಥರ ಕಿವಿಗೆ ಹಿತವಲ್ಲವೆಂದು ಅದಕ್ಕೆ ‘ನೃತ್ಯವಾದ್ಯವೃಂದ’ ಎಂಬರ್ಥದ ಹೆಸರನ್ನಿಟ್ಟಿತು! ಅಲ್ಲಿಂದ ಸುಮಾರು ಅರ್ಧ ಶತಮಾನದ ಮೇಲೆ, 1994ರಲ್ಲಿ, ಆ ದೇಶದ ಶಾಲಾ ಸಂಗೀತಶಿಕ್ಷಣಕ್ಕೆಂದು ಒಂಬತ್ತು ಗುರಿಗಳನ್ನು ಪ್ರಕಟಿಸಿದಾಗ ಆಶುವಾದನವು ಮೂರನೆಯದಾಗಿ ಸೇರಿತು. ಗುರಿಯನ್ನು ಕಾಗದದ ಮೇಲೆ ಬರೆದುದಾಯಿತು. ಆದರೆ ಆರು ತಿಂಗಳ ಹಿಂದೆ ಮೊದಲ ಬಾರಿಗೆ ತುತ್ತೂರಿಯನ್ನು ತುಟಿಗಿಟ್ಟುಕೊಂಡ ಮಗುವಿಗೆ ಅದನ್ನು ಕಲಿಸುವುದು ಹೇಗೆ?

ಮೊದಲು ಆ ಮಗುವಿನ ಕಷ್ಟವನ್ನು ತಿಳಿದುಕೊಳ್ಳಬೇಕು. ಬ್ಯಾಂಡಿನ ಪುಸ್ತಕಗಳಲ್ಲಿ ಮೊದಲು ಕಲಿಸುವುದು ಸಾಮಾನ್ಯವಾಗಿ ಐದು ಸ್ವರಗಳನ್ನು. ಪಾಶ್ಚಾತ್ಯರು ಬಿ-ಫ್ಲ್ಯಾಟ್ ಎನ್ನುವ ಸ್ವರವನ್ನು ನಾವು ಷಡ್ಜವಾಗಿ ಇಟ್ಟುಕೊಂಡರೆ, ಆ ಐದು ಸ್ವರಗಳು ನಮ್ಮ ಶಂಕರಾಭರಣದ ಸ ರಿ ಗ ಮ ಪ ಆಗುತ್ತವೆ. ಟ್ರಂಪೆಟ್ಟಿನಲ್ಲಿ ಈ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 233 ಕಂಪನಗಳು, ಪಂಚಮಕ್ಕೆ ಸುಮಾರು 350. ಎಂದರೆ ಎರಡಕ್ಕೆ ಮೂರರ ಪ್ರಮಾಣ. ಒಂದು ವಿಚಿತ್ರವೆಂದರೆ, ಇದೇ ಷಡ್ಜವನ್ನು ಟ್ರಂಪೆಟ್ಟಿನವನ ಕಾಗದದಲ್ಲಿ ‘ಸಿ’ ಎಂದೂ, ಆಲ್ಟೊ ಸ್ಯಾಕ್ಸೊಫೋನಿನವನ ಕಾಗದದಲ್ಲಿ ‘ಜಿ’ ಎಂದೂ, ಟ್ರಾಂಬೋನಿನವನ ಕಾಗದದಲ್ಲಿ ‘ಬಿ-ಫ್ಲ್ಯಾಟ್’ ಎಂದೂ ಬರೆದಿರುತ್ತದೆ. ವಾದ್ಯಗಳ ಕೊಳವೆಯ ಉದ್ದ ಬೇರೆ ಬೇರೆಯಾದುದರಿಂದ, ಬೆರಳಿನ ಅನುಕೂಲಕ್ಕಾಗಿ ಹಿಂದಿನವರು ಮಾಡಿದ ಏರ್ಪಾಡು ಇದು. ಪಕ್ಕಪಕ್ಕದಲ್ಲಿ ಕುಳಿತ ಮೂವರು ಮಕ್ಕಳು ಒಂದೇ ನಾದವನ್ನು ಮೂರು ಹೆಸರುಗಳಿಂದ ಕರೆಯುತ್ತಾರೆ. ಕಾಗದವನ್ನು ನೋಡಿ ಊದುವವರೆಗೆ ಇದರಿಂದ ತೊಂದರೆಯಿಲ್ಲ. ಒಬ್ಬನು ಊದಿದ್ದನ್ನು ಕೇಳಿ ಇನ್ನೊಬ್ಬನು ಉತ್ತರ ಕೊಡಬೇಕಾದಾಗ ಈ ಹೆಸರುಗಳು ಅಡ್ಡ ಬರುತ್ತವೆ. ಷಡ್ಜವನ್ನು ಎಲ್ಲಿಟ್ಟುಕೊಂಡರೂ ಅದನ್ನು ‘ಸ’ ಎಂದೇ ಕರೆಯುವ ನಮ್ಮ ಪದ್ಧತಿಯ ಸೌಕರ್ಯವು ಇಲ್ಲಿ ಅರಿವಿಗೆ ಬರುತ್ತದೆ.

ಇನ್ನು ವಾದ್ಯದ ಭೌತಶಾಸ್ತ್ರವನ್ನು ನೋಡೋಣ. ಹಾರ್ಮೋನಿಯಂನಲ್ಲಿ ಒಂದು ಮನೆಯನ್ನು ಒತ್ತಿದರೆ ಒಂದೇ ಸ್ವರ ಹೊರಡುತ್ತದೆ. ತುತ್ತೂರಿಯ ಗುಣ ಹಾಗಲ್ಲ. ಅದರ ಮೂರು ಗುಂಡಿಗಳಲ್ಲಿ ಒಂದನ್ನೂ ಒತ್ತದೆ ಊದಿದರೂ, ತುಟಿಯ ಬಿಗಿತವನ್ನೂ ಉಸಿರಿನ ವೇಗವನ್ನೂ ಅನುಸರಿಸಿ ಸ, ಪ, ಮೇಲಿನ ಸ, ಮೇಲಿನ ಗ, ಮೇಲಿನ ಪ ಎಂಬ ಸ್ವರಗಳಲ್ಲಿ ಯಾವುದಾದರೂ ಬರಬಹುದು. ಇವುಗಳ ಕಂಪನಸಂಖ್ಯೆಗಳು 2, 3, 4, 5, 6ರ ಪ್ರಮಾಣದಲ್ಲಿರುತ್ತವೆ. ಕೊಳವೆಯೊಳಗಿನ ಗಾಳಿಯು ಇಂತಹ ನಿಯತ ಕಂಪನಗಳನ್ನೇ ಪೋಷಿಸುತ್ತದೆ. ಅವುಗಳಲ್ಲಿ ಯಾವುದನ್ನು ಎಬ್ಬಿಸಬೇಕೆಂಬುದನ್ನು ತುಟಿಯು ನಿರ್ಧರಿಸುತ್ತದೆ. ಆದ್ದರಿಂದ ಹೊಸಬನು ಕಲಿಯುವ ಐದು ಸ್ವರಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಬೆರಳಿನ ಕೆಲಸ ಒಂದೇ! ಟ್ರಾಂಬೋನಿನಲ್ಲಿಯೂ ಈ ಎರಡು ಸ್ವರಗಳಿಗೆ ಕೊಳವೆಯನ್ನು ಒಂದೇ ಸ್ಥಾನದಲ್ಲಿ ಇಟ್ಟುಕೊಳ್ಳುತ್ತಾರೆ. ಬರಲಿರುವ ಸ್ವರವನ್ನು ಮೊದಲೇ ಮನಸ್ಸಿನಲ್ಲಿ ಕೇಳಿಕೊಳ್ಳದ ಮಗುವಿಗೆ ತಾನು ಸ ಊದುವೆನೋ ಪ ಊದುವೆನೋ ಎಂಬುದೇ ನಿಶ್ಚಯವಿರುವುದಿಲ್ಲ.

ಹೀಗೆ ಮನಸ್ಸಿನಲ್ಲಿ ಸ್ವರವನ್ನು ಅರ್ಥಸಹಿತವಾಗಿ ಕೇಳಿಕೊಳ್ಳುವ ಶಕ್ತಿಗೆ ಅಮೆರಿಕದ ಸಂಗೀತಮನಶ್ಶಾಸ್ತ್ರಜ್ಞ ಎಡ್ವಿನ್ ಗಾರ್ಡನ್ 1970ರ ದಶಕದಲ್ಲಿ ‘ಆಡಿಯೇಷನ್’ ಎಂಬ ಹೊಸ ಹೆಸರನ್ನು ಕೊಟ್ಟನು. ಮಗುವು ಮಾತನ್ನು ಕಲಿಯುವ ಕ್ರಮವನ್ನು ಅವನು ಹೋಲಿಕೆಯಾಗಿ ತೆಗೆದುಕೊಂಡನು. ಮಗು ಮೊದಲು ಕೇಳುತ್ತದೆ, ಅನಂತರ ತೊದಲುತ್ತದೆ, ಮಾತಾಡುತ್ತದೆ. ಓದುಬರಹ ಬರುವುದು ವರ್ಷಗಳ ಮೇಲೆ. ಬ್ಯಾಂಡಿನಲ್ಲಾದರೋ ಓದು ಮೊದಲು, ಮಾತು ಕೊನೆಗೆ. ಹೀಗೆ ಕಲಿತವರಲ್ಲಿ ಅನೇಕರು ಜೀವನವೆಲ್ಲ ಓದುತ್ತಲೇ ಇದ್ದು, ಒಂದು ಸ್ವಂತ ಮಾತನ್ನೂ ಆಡದೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುವುದುಂಟು.

ಇಲ್ಲಿ ನಮ್ಮ ಓದುಗರಿಗೆ ಒಂದು ಸಂದೇಹ ಬರುವುದು ಸಹಜ. ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ ಎಂದು ವರ್ಷಗಟ್ಟಲೆ ಪಾಠವಾದ ಮೇಲಲ್ಲವೆ ಕಲ್ಪನಾಸ್ವರದ ಮಾತು? ಮೊದಲ ವರ್ಷದಲ್ಲಿಯೇ ಮನೋಧರ್ಮವೆಂದರೆ ಅದು ಅಪಕ್ವ ಫಲವನ್ನು ಕಿತ್ತಂತಾಗುವುದಿಲ್ಲವೆ? ಸಂದೇಹವು ನ್ಯಾಯವಾದುದೇ. ಆದರೆ ನಮ್ಮ ಶಿಷ್ಯನು ಆ ವರ್ಷಗಳಲ್ಲೆಲ್ಲ ಕಿವಿಯಿಂದಲೇ ಕಲಿಯುತ್ತಾನೆ ಎಂಬುದನ್ನು ಮರೆಯಬಾರದು. ಗುರುವು ಹಾಡಿದ್ದನ್ನು ಕೇಳಿ ಹಾಗೆಯೇ ಹಿಂದಿರುಗಿಸುವುದು ಅವನ ನಿತ್ಯದ ಕೆಲಸ. ಮನೋಧರ್ಮಕ್ಕೆ ಬೇಕಾದ ಅರ್ಧಪಾಲು ಸಿದ್ಧತೆಯು ಅವನಿಗೆ ತಿಳಿಯದಂತೆಯೇ ಆಗಿಹೋಗಿರುತ್ತದೆ. ಕಾಗದದಿಂದ ಕಲಿತ ಬ್ಯಾಂಡಿನ ಮಗುವಿಗೆ ಆ ಸಿದ್ಧತೆ ಇಲ್ಲ; ಅದನ್ನು ಬೇರೆಯಾಗಿಯೇ ಒದಗಿಸಬೇಕು. ವಾದ್ಯದಲ್ಲಿ ದೋಷವೇನೂ ಇಲ್ಲವೆಂಬುದಕ್ಕೆ ನಮ್ಮವರೇ ಸಾಕ್ಷಿ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಅದೇ ವಾದ್ಯದಲ್ಲಿ ರಾಗಾಲಾಪನೆಯನ್ನೂ ಕಲ್ಪನಾಸ್ವರವನ್ನೂ ನುಡಿಸಿದರು. 1980ರಲ್ಲಿ ಮುಂಬಯಿಯ ‘ಜಾಜ್ ಯಾತ್ರಾ’ ಉತ್ಸವದಲ್ಲಿ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿಯು ಅವರ ವಾದನವನ್ನು ಕೇಳಿ ಮೆಚ್ಚಿದನು. 2019ರಲ್ಲಿ ಅವರು ತೀರಿಕೊಂಡರು. ಬ್ಯಾಂಡಿನ ಮಂದಿ ಕಾಗದ ನೋಡಿ ಊದುತ್ತಿದ್ದ ಕೊಳವೆಯೇ ಅವರ ಕೈಯಲ್ಲಿ ಮಾತಾಡಿತು. ಕಿವಿಯ ಶಿಕ್ಷಣವು ಬೇರೆಯಾಗಿದ್ದುದೇ ಅದಕ್ಕೆ ಕಾರಣ.

ಹೊಸಬರಿಗೆ ಕಲಿಸುವ ಜಾಜ್ ಉಪಾಧ್ಯಾಯರಲ್ಲಿ ಅನುಭವಸ್ಥರು ಪಾಠವನ್ನು ಐದು ಸ್ವರಗಳಿಂದಲೂ ಆರಂಭಿಸುವುದಿಲ್ಲ. ಒಂದೇ ಸ್ವರ ಸಾಕು ಎನ್ನುತ್ತಾರೆ. ಉಪಾಧ್ಯಾಯನು ಷಡ್ಜವೊಂದನ್ನೇ ನಾಲ್ಕು ಎಣಿಕೆಯ ಕಾಲ ಯಾವುದಾದರೊಂದು ಲಯದಲ್ಲಿ ಊದುತ್ತಾನೆ. ಮುಂದಿನ ನಾಲ್ಕು ಎಣಿಕೆಗೆ ತರಗತಿಯೆಲ್ಲ ಅದನ್ನೇ ಪ್ರತಿಧ್ವನಿಸುತ್ತದೆ. ಹತ್ತು ಹದಿನೈದು ಬಾರಿ ಹೀಗೆ ನಡೆದ ಮೇಲೆ ನಿಯಮವನ್ನು ಸ್ವಲ್ಪ ಬದಲಿಸುತ್ತಾನೆ: “ನಾನು ಊದಿದ್ದನ್ನು ಬಿಟ್ಟು ಬೇರೆ ಏನನ್ನಾದರೂ ಊದಿ, ಆದರೆ ಅದೇ ಒಂದು ಸ್ವರದಲ್ಲಿ.” ಯಾವ ಸ್ವರವನ್ನು ಊದಬೇಕೆಂಬ ಭಯ ಇಲ್ಲಿ ಇಲ್ಲ. ಇರುವುದು ಒಂದೇ ಸ್ವರವಾದ್ದರಿಂದ ತಪ್ಪಲು ಸಾಧ್ಯವಿಲ್ಲ. ಯಾವಾಗ ಊದಬೇಕು, ಯಾವಾಗ ಸುಮ್ಮನಿರಬೇಕು ಎಂಬುದಷ್ಟೇ ಉಳಿದಿದೆ.

ಇದು ತೀರ ಬಡತನದ ಸಂಗೀತವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ನಾಲ್ಕು ಎಣಿಕೆಗಳನ್ನು ಅರ್ಧರ್ಧ ಎಣಿಕೆಗಳಾಗಿ ಒಡೆದರೆ ಎಂಟು ಸ್ಥಾನಗಳು ದೊರೆಯುತ್ತವೆ. ಪ್ರತಿ ಸ್ಥಾನದಲ್ಲಿಯೂ ನಾದ ಅಥವಾ ಮೌನ, ಎರಡರಲ್ಲಿ ಒಂದು. ಎರಡನ್ನು ಎಂಟು ಬಾರಿ ಗುಣಿಸಿದರೆ 256. ಒಂದೇ ಸ್ವರದಲ್ಲಿ, ಮೂರು ಸೆಕೆಂಡಿನ ಅವಧಿಯಲ್ಲಿ, ಇಷ್ಟು ಬಗೆಯ ಲಯಗಳು! ಸ, ರಿ, ಗ ಎಂದು ಮೂರು ಸ್ವರಗಳನ್ನು ಕೊಟ್ಟರೆ ಪ್ರತಿ ಸ್ಥಾನಕ್ಕೆ ನಾಲ್ಕು ಆಯ್ಕೆಗಳಾಗಿ ಸಂಖ್ಯೆಯು 65,536ಕ್ಕೆ ಏರುತ್ತದೆ. ಐದು ಸ್ವರಗಳನ್ನೂ ಕೊಟ್ಟುಬಿಟ್ಟರೆ 16,79,616. ಇವುಗಳಲ್ಲಿ ಕೇಳಲು ಯೋಗ್ಯವಾದುವು ಸ್ವಲ್ಪವೇ ಇರಬಹುದು. ಆದರೂ ಸಾಮಗ್ರಿಯ ಕೊರತೆಯಿಂದ ಮಗುವು ಮೌನವಾಗಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆಯ್ಕೆಯ ಹೊರೆಯೇ ಅದನ್ನು ಮೌನಗೊಳಿಸಿದೆ.

ಈ ಹೊರೆಯನ್ನು ಅಳೆದವರೂ ಉಂಟು. 1952ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡಬ್ಲ್ಯು. ಇ. ಹಿಕ್ ಎಂಬುವನು ಬೆಳಗುವ ದೀಪಗಳನ್ನೂ, ಒಂದೊಂದು ದೀಪಕ್ಕೂ ಒಂದೊಂದು ಗುಂಡಿಯನ್ನೂ ಇಟ್ಟು ಪರೀಕ್ಷೆ ಮಾಡಿದನು. ದೀಪವು ಬೆಳಗಿದೊಡನೆ ಅದರ ಗುಂಡಿಯನ್ನು ಒತ್ತಬೇಕು. ದೀಪಗಳ ಸಂಖ್ಯೆ ಹೆಚ್ಚಿದಂತೆ ಮನುಷ್ಯನು ತೆಗೆದುಕೊಳ್ಳುವ ಕಾಲವೂ ಹೆಚ್ಚಿತು. ಆಯ್ಕೆಗಳು ಇಮ್ಮಡಿಯಾದಾಗಲೆಲ್ಲ ಸರಿಸುಮಾರು ಒಂದೇ ಪ್ರಮಾಣದ ಕಾಲ ಸೇರುತ್ತಾ ಹೋಯಿತು. ಈಗ ನಮ್ಮ ತರಗತಿಗೆ ಬನ್ನಿ. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಅರ್ಧ ಎಣಿಕೆಗೆ ಸಿಗುವುದು ಕಾಲು ಸೆಕೆಂಡು. ಒಂದು ಶಬ್ದವನ್ನು ಕೇಳಿ, ಆಯ್ಕೆಯೇನೂ ಇಲ್ಲದೆ, ಬೆರಳನ್ನು ಒತ್ತುವುದಕ್ಕೇ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಕಾಲ ಬೇಕು. ಉಳಿದ ಅತ್ಯಲ್ಪ ಕಾಲದಲ್ಲಿ ಐದು ಸ್ವರಗಳಲ್ಲಿ ಒಂದನ್ನು ಆರಿಸಿ, ಅದರ ಬೆರಳನ್ನು ನೆನಪಿಗೆ ತಂದುಕೊಂಡು, ತುಟಿಯನ್ನು ಹದಗೊಳಿಸಿ ಊದಬೇಕೆಂದರೆ ಹೊಸಬನಿಂದ ಹೇಗೆ ಆದೀತು? ನುರಿತವನಿಂದಲೂ ಆಗದು. ನುರಿತವನು ಸ್ವರಗಳನ್ನು ಒಂದೊಂದಾಗಿ ಆರಿಸುವುದೇ ಇಲ್ಲ. ಅವನ ಮನಸ್ಸಿನಲ್ಲಿ ಐದಾರು ಸ್ವರಗಳ ಪುಟ್ಟ ಪುಟ್ಟ ಪದಗುಚ್ಛಗಳು ನೂರಾರು ಸಿದ್ಧವಾಗಿದ್ದು, ಅವನು ಗುಚ್ಛಗಳನ್ನು ಆರಿಸುತ್ತಾನೆ, ತಿರುಚುತ್ತಾನೆ, ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕೂಡಿಸುತ್ತಾನೆ. ನಾವು ಮಾತಾಡುವಾಗ ಅಕ್ಷರಗಳನ್ನು ಹುಡುಕುತ್ತೇವೆಯೆ?

ಪ್ರತಿಧ್ವನಿಯ ಆಟವು ಕೊಡುವುದು ಇಂತಹ ಗುಚ್ಛಗಳನ್ನೇ. ಅದು ಉಪಾಧ್ಯಾಯರು ಕಂಡುಹಿಡಿದ ತಂತ್ರವಲ್ಲ. ಒಬ್ಬನು ಕೂಗಿ ಗುಂಪು ಮರುಕೂಗುವ ಕ್ರಮವು ಆಫ್ರಿಕದಿಂದ ಗುಲಾಮರಾಗಿ ಬಂದವರ ದುಡಿಮೆಯ ಹಾಡಿನಲ್ಲಿಯೂ ಚರ್ಚಿನ ಪ್ರಾರ್ಥನೆಯಲ್ಲಿಯೂ ಇದ್ದದ್ದು. ಲೂಯಿ ಆರ್ಮ್‌ಸ್ಟ್ರಾಂಗನ ಬಾಲ್ಯವನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. 1912ರ ಡಿಸೆಂಬರ್ ಕೊನೆಯ ರಾತ್ರಿ ನ್ಯೂ ಆರ್ಲಿಯನ್ಸಿನ ಬೀದಿಯಲ್ಲಿ ಪಿಸ್ತೂಲು ಹಾರಿಸಿದುದಕ್ಕಾಗಿ ಪೊಲೀಸರು ಈ ಹನ್ನೊಂದು ವರ್ಷದ ಹುಡುಗನನ್ನು ಹಿಡಿದರು. ಅವನನ್ನು ಅನಾಥ ಬಾಲಕರ ಸುಧಾರಣಾಲಯಕ್ಕೆ ಸೇರಿಸಲಾಯಿತು. ಅಲ್ಲಿ ಪೀಟರ್ ಡೇವಿಸ್ ಎಂಬ ಉಪಾಧ್ಯಾಯನು ಬ್ಯಾಂಡನ್ನು ನಡೆಸುತ್ತಿದ್ದನು. ಹುಡುಗನಿಗೆ ಮೊದಲು ಕೈಗೆ ಬಂದದ್ದು ಖಂಜಿರದಂತಹ ಟ್ಯಾಂಬುರಿನ್. ಮುಂದೆ ಆಲ್ಟೊ ಹಾರ್ನ್, ಬ್ಯೂಗಲ್, ಕೊನೆಗೆ ಕಾರ್ನೆಟ್. ಆದರೆ ಸುಧಾರಣಾಲಯಕ್ಕೆ ಬರುವ ಮೊದಲೇ ಅವನು ಗೆಳೆಯರೊಡನೆ ಬೀದಿಯಲ್ಲಿ ನಾಲ್ಕು ಕಂಠಗಳ ಹಾಡುಗಾರಿಕೆಯನ್ನು ನಡೆಸಿ ಪುಡಿಗಾಸು ಸಂಪಾದಿಸುತ್ತಿದ್ದನು. ಆಲ್ಟೊ ಹಾರ್ನ್ ಕೈಗೆ ಬಂದಾಗ, ಹಾಡುವ ಗುಂಪಿನಲ್ಲಿ ನಡುವಿನ ಕಂಠವು ಮಾಡುವ ಕೆಲಸವನ್ನೇ ಬ್ಯಾಂಡಿನಲ್ಲಿ ಈ ವಾದ್ಯವು ಮಾಡಬೇಕೆಂದು ತನಗೆ ಹೊಳೆಯಿತೆಂಬುದಾಗಿ ಅವನೇ ತನ್ನ ಆತ್ಮಕಥೆಯಲ್ಲಿ ತಿಳಿಸಿದ್ದಾನೆ. ಕಿವಿಯು ಮುಂದೆ ಹೋಗಿ ಕೈಗೆ ದಾರಿ ತೋರಿಸಿತು. 1928ರಲ್ಲಿ ಅವನು ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಎಂಬ ಧ್ವನಿಮುದ್ರಿಕೆ ಜಾಜ್ ಇತಿಹಾಸದಲ್ಲಿ ಶಿಖರಪ್ರಾಯವಾದುದು. ಅದರಲ್ಲಿಯೂ ಒಂದೆಡೆ ಕ್ಲಾರಿನೆಟ್ ನುಡಿದದ್ದಕ್ಕೆ ಅವನು ಪದಗಳಿಲ್ಲದ ಬರಿಯ ಕಂಠದಿಂದ ಉತ್ತರ ಕೊಡುತ್ತಾನೆ. ಮೊದಲ ವರ್ಷದ ಮಕ್ಕಳ ಆಟವೇ ಅದು!

ಎರಡು ಮೂರು ಸ್ವರಗಳಲ್ಲಿ ಪ್ರಶ್ನೋತ್ತರ ನಡೆಸಬಲ್ಲ ಮಕ್ಕಳಿಗೆ ಮುಂದಿನ ಚೌಕಟ್ಟು ‘ಬ್ಲೂಸ್’. ಜಾಜಿನ ತಾಯಿಬೇರುಗಳಲ್ಲಿ ಒಂದಾದ ಈ ಹಾಡಿನ ಬಗೆಯು ನಾಲ್ಕು ಎಣಿಕೆಯ ಹನ್ನೆರಡು ‘ಬಾರ್’ಗಳ ಆವರ್ತ, ಒಟ್ಟು 48 ಎಣಿಕೆ. ಪಿಯಾನೊ ಅಥವಾ ಗಿಟಾರ್ ನುಡಿಸುವವನು ಮೊದಲ ನಾಲ್ಕು ಬಾರ್‌ಗಳಲ್ಲಿ ಷಡ್ಜವನ್ನು ಬುಡವಾಗುಳ್ಳ ಸ್ವರಗುಚ್ಛವನ್ನೂ, ಮುಂದೆ ಎರಡರಲ್ಲಿ ಮಧ್ಯಮದ್ದನ್ನೂ, ಎರಡರಲ್ಲಿ ಮತ್ತೆ ಷಡ್ಜದ್ದನ್ನೂ, ಒಂದರಲ್ಲಿ ಪಂಚಮದ್ದನ್ನೂ, ಒಂದರಲ್ಲಿ ಮಧ್ಯಮದ್ದನ್ನೂ ನುಡಿಸಿ, ಕೊನೆಯ ಎರಡರಲ್ಲಿ ಷಡ್ಜಕ್ಕೆ ಮರಳುತ್ತಾನೆ. ಮಗುವು ಈ ಆವರ್ತವನ್ನು ಕೇಳಿ ಕೇಳಿ, ಎಲ್ಲಿ ನೆಲವು ಕದಲಿತು, ಎಲ್ಲಿ ಮನೆಗೆ ಮರಳಿತು ಎಂಬುದನ್ನು ಮೈಯಲ್ಲಿಯೇ ಅರಿಯಬೇಕು. ಅದಕ್ಕಾಗಿ ಜತೆಗಾರರು ದಿನವೂ ಬೇಕಲ್ಲವೆ? ಇಂಡಿಯಾನಾ ಸಂಸ್ಥಾನದ ಜೇಮಿ ಏಬರ್‌ಸೋಲ್ಡ್ 1967ರಲ್ಲಿ ಪಕ್ಕವಾದ್ಯಗಳನ್ನು ಮಾತ್ರ ಮುದ್ರಿಸಿದ ಗ್ರಾಮೊಫೋನ್ ತಟ್ಟೆಯನ್ನು ಹೊರತಂದು ಈ ಕೊರತೆಯನ್ನು ನೀಗಿಸಿದನು. ಇಂದು ಅದೇ ಕೆಲಸವನ್ನು ಜೇಬಿನ ಫೋನೇ ಮಾಡುತ್ತದೆ.

ಬ್ಲೂಸಿನಲ್ಲಿ ಗಾಂಧಾರದ ನಡವಳಿಕೆಯು ವಿಶೇಷವಾದುದು. ಪಕ್ಕವಾದ್ಯವು ಅಂತರ ಗಾಂಧಾರವನ್ನು ನುಡಿಸುತ್ತಿರುವಾಗಲೇ ಹಾಡುಗಾರನು ಸಾಧಾರಣ ಗಾಂಧಾರವನ್ನು, ಅಥವಾ ಎರಡಕ್ಕೂ ನಡುವಣ ಒಂದು ನಾದವನ್ನು ಹಿಡಿಯುತ್ತಾನೆ. ನಮ್ಮ ಷಡ್ಜದ ಲೆಕ್ಕದಲ್ಲಿ ಮೊದಲನೆಯದು ಸೆಕೆಂಡಿಗೆ 294 ಕಂಪನ, ಎರಡನೆಯದು 277. ಬ್ಲೂಸಿನ ಗಾಂಧಾರವು ಇವುಗಳ ನಡುವೆ ತೂಗಾಡುತ್ತದೆ. ಪಿಯಾನೊದಲ್ಲಿ ಇದಕ್ಕೆ ಮನೆಯಿಲ್ಲ. ತುಟಿಯಿಂದ ಊದುವ ವಾದ್ಯಗಳಲ್ಲಿ ಇದು ಬರುತ್ತದೆ. ಗಮಕವನ್ನು ಬಲ್ಲ ನಮ್ಮ ಕೇಳುಗನಿಗೆ ಇದು ಬೇಗನೆ ಅರ್ಥವಾಗುವ ಸಂಗತಿ. ಕಾಗದದಲ್ಲಿ ಬರೆದುಕೊಡುವುದು ಮಾತ್ರ ಅಸಾಧ್ಯ. ಜಾಜಿನ ‘ಸ್ವಿಂಗ್’ ಎಂಬ ಲಯವೂ ಹಾಗೆಯೇ. ಒಂದು ಎಣಿಕೆಯನ್ನು ಎರಡು ಸಮಪಾಲು ಮಾಡದೆ ಮೊದಲನೆಯದನ್ನು ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುತ್ತಾರೆ. ತಿಶ್ರದ ಮೂರರಲ್ಲಿ ಎರಡು ಮತ್ತು ಒಂದು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಹೆಸರಾಂತ ಡೋಲುಗಾರರ ಧ್ವನಿಮುದ್ರಿಕೆಗಳನ್ನು ಅಳೆದು 2002ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯ ಪ್ರಕಾರ, ನಿಧಾನಗತಿಯಲ್ಲಿ ಈ ಪ್ರಮಾಣವು ಒಂದಕ್ಕೆ ಮೂರೂವರೆಯವರೆಗೂ ಹೋಗುತ್ತದೆ. ಅತಿವೇಗದಲ್ಲಿ ಎರಡು ಪಾಲುಗಳೂ ಸಮನಾಗಿಬಿಡುತ್ತವೆ. ಕೇಳಿಯೇ ಕಲಿಯಬೇಕಾದ ವಿದ್ಯೆಯಿದು.

ಇಲ್ಲಿ ಅನೇಕ ಉಪಾಧ್ಯಾಯರು ಒಂದು ಸುಲಭೋಪಾಯಕ್ಕೆ ಕೈಹಾಕುತ್ತಾರೆ. ಸ, ಸಾಧಾರಣ ಗ, ಶುದ್ಧ ಮ, ಪ್ರತಿ ಮ, ಪ, ಕೈಶಿಕಿ ನಿ ಎಂಬ ಆರು ಸ್ವರಗಳ ‘ಬ್ಲೂಸ್ ಶ್ರೇಣಿ’ಯನ್ನು ಬರೆದುಕೊಟ್ಟು, “ಇವುಗಳಲ್ಲಿ ಯಾವುದನ್ನು ಬೇಕಾದರೂ ಊದಿ, ತಪ್ಪಾಗದು” ಎನ್ನುತ್ತಾರೆ. ಹನ್ನೆರಡು ಬಾರ್‌ಗಳಲ್ಲಿ ಎಲ್ಲಿ ಊದಿದರೂ ತೀರ ಕರ್ಕಶವಾಗುವುದಿಲ್ಲವೆಂಬುದು ನಿಜ. ಮಕ್ಕಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆ. ಆದರೆ ನೆಲವು ಮಧ್ಯಮಕ್ಕೆ ಕದಲಿದ್ದನ್ನು ಮಗು ಕೇಳಿತೆ? ಕೇಳುವ ಅಗತ್ಯವೇ ಅದಕ್ಕೆ ಬೀಳಲಿಲ್ಲ. ಆರೋಹಣ ಅವರೋಹಣಗಳನ್ನು ಬರೆದುಕೊಟ್ಟ ಮಾತ್ರಕ್ಕೆ ರಾಗ ಬಂದೀತೆ? “ತೋಚಿದ್ದನ್ನು ಊದು” ಎನ್ನುವ ಉಪಾಧ್ಯಾಯನೂ, “ತಪ್ಪಾಗದ ಸ್ವರಗಳನ್ನು ಊದು” ಎನ್ನುವ ಉಪಾಧ್ಯಾಯನೂ ನನ್ನ ದೃಷ್ಟಿಯಲ್ಲಿ ಒಂದೇ ದೋಷವನ್ನು ಮಾಡುತ್ತಾರೆ. ಇಬ್ಬರೂ ಮಗುವಿನ ಕಿವಿಗೆ ಕೆಲಸ ಕೊಡುವುದಿಲ್ಲ. ಎರಡು ಸ್ವರಗಳನ್ನು ಕೇಳಿ ಹಾಡಿ, ಅನಂತರ ಊದಿದ ಮಗುವು ನಿಧಾನವಾಗಿ ನಡೆದರೂ ಬಲುದೂರ ಹೋಗುತ್ತದೆ.

ಆಶುವಾದನದ ಕಾಲದಲ್ಲಿ ಮಿದುಳಿನಲ್ಲಿ ನಡೆಯುವುದೇನು ಎಂಬುದನ್ನು ತಿಳಿಯುವ ಯತ್ನಗಳೂ ನಡೆದಿವೆ. 2008ರಲ್ಲಿ ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಆಲನ್ ಬ್ರಾನ್ ಎಂಬ ಸಂಶೋಧಕರು ಆರು ಮಂದಿ ವೃತ್ತಿಪರ ಜಾಜ್ ಪಿಯಾನೊವಾದಕರನ್ನು ಕಾಂತಶಕ್ತಿಯ ಮಿದುಳುಚಿತ್ರಣ ಯಂತ್ರದೊಳಗೆ ಮಲಗಿಸಿ, ಕಾಂತವು ಸೆಳೆಯದಂತಹ 35 ಮನೆಗಳ ಪುಟ್ಟ ವಾದ್ಯವನ್ನು ಕೊಟ್ಟು ನುಡಿಸಹೇಳಿದರು. ಬಾಯಿಪಾಠವಾದುದನ್ನು ನುಡಿಸುವಾಗಿನ ಸ್ಥಿತಿಗೆ ಹೋಲಿಸಿದರೆ, ಸ್ವಂತವಾಗಿ ಕಟ್ಟಿ ನುಡಿಸುವಾಗ ಮುಮ್ಮಿದುಳಿನ ಪಾರ್ಶ್ವಭಾಗದ ಚಟುವಟಿಕೆಯು ತಗ್ಗಿ, ನಡುಭಾಗದ್ದು ಏರಿತು. ಈ ಪಾರ್ಶ್ವಭಾಗವು ನಮ್ಮ ಕಾರ್ಯಗಳ ಮೇಲೆ ನಾವೇ ಇಡುವ ಕಾವಲಿಗೆ ಸಂಬಂಧಿಸಿದುದೆಂದು ಶಾಸ್ತ್ರಜ್ಞರ ಅಭಿಪ್ರಾಯ. ಕಾವಲುಗಾರನು ಸ್ವಲ್ಪ ಹಿಂದೆ ಸರಿದನೆನ್ನಬಹುದು. ಇದನ್ನೋದಿ ಕೆಲವರು, “ಮಕ್ಕಳ ಕಾವಲನ್ನು ತೆಗೆದುಬಿಟ್ಟರೆ ಸಂಗೀತ ತಾನಾಗಿ ಹರಿಯುವುದು” ಎಂದು ಅವಸರದಿಂದ ತೀರ್ಮಾನಿಸಿದ್ದುಂಟು. ಪರೀಕ್ಷೆಗೆ ಒಳಗಾದವರು ಆರೇ ಜನ, ಅವರೆಲ್ಲರೂ ನುರಿತವರು ಎಂಬುದನ್ನು ಮರೆಯಬಾರದು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು 39 ಮಂದಿ ಪಿಯಾನೊವಾದಕರನ್ನು ಪರೀಕ್ಷಿಸಿ, ಆಶುವಾದನದ ಅಭ್ಯಾಸ ಹೆಚ್ಚಾಗಿದ್ದವರಲ್ಲಿ ಮುಮ್ಮಿದುಳಿನ ಕೆಲವು ಭಾಗಗಳ ಚಟುವಟಿಕೆ ಕಡಿಮೆಯಾಗಿಯೂ, ಮುಮ್ಮಿದುಳಿಗೂ ಚಲನೆಯನ್ನು ನಡೆಸುವ ಭಾಗಗಳಿಗೂ ನಡುವಣ ಸಂಪರ್ಕ ಹೆಚ್ಚಾಗಿಯೂ ಇರುವುದನ್ನು ಕಂಡರು. ಕಾವಲು ಸಡಿಲವಾಗುವುದು ಅಭ್ಯಾಸದ ಫಲವಾಗಿ ಎಂದು ಇದರಿಂದ ಊಹಿಸಬಹುದು; ಅಭ್ಯಾಸಕ್ಕೆ ಬದಲಾಗಿ ಅಲ್ಲ.

ಹೊಸಬನ ಭಯವನ್ನು ಕಳೆಯಲು ಬೇರೆ ದಾರಿಯೇ ಬೇಕು. ಬ್ಯಾಂಡಿನಲ್ಲಿ ನಲವತ್ತು ಮಂದಿ ಒಂದೇ ಸ್ವರವನ್ನು ಊದುವಾಗ ಒಬ್ಬನು ತಪ್ಪಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಆ ನೋಟವನ್ನು ಅನುಭವಿಸಿದ ಮಗುವಿಗೆ “ತಪ್ಪಿದರೆ ಚಿಂತೆಯಿಲ್ಲ” ಎಂಬ ಬಾಯಿಮಾತಿನಿಂದ ಧೈರ್ಯ ಬಾರದು. ತಪ್ಪನ್ನು ಏನು ಮಾಡಬೇಕೆಂಬುದನ್ನು ಕಲಿಸಬೇಕು. ಶಂಕರಾಭರಣದ ಸ್ವರಗಳ ನಡುವೆ ಬಿಟ್ಟುಹೋದ ಯಾವ ಸ್ವರಸ್ಥಾನವನ್ನು ತೆಗೆದುಕೊಂಡರೂ ಅದರ ಎರಡು ಪಕ್ಕಗಳಲ್ಲಿಯೂ ಸರಿಯಾದ ಸ್ವರವೊಂದು ಅರ್ಧ ಹೆಜ್ಜೆಯ ದೂರದಲ್ಲಿ ಇದ್ದೇ ಇರುತ್ತದೆ. ಕಂಪನಸಂಖ್ಯೆಯಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸ, ಅಷ್ಟೆ. ಆದುದರಿಂದ ಜಾಣ ಉಪಾಧ್ಯಾಯನು ಒಂದು ದಿನ ತರಗತಿಗೆ ಬೇಕೆಂದೇ ತಪ್ಪು ಸ್ವರವನ್ನು ಊದಲು ಹೇಳುತ್ತಾನೆ: ಮೊದಲ ಎಣಿಕೆಗೆ ತಪ್ಪು ಸ್ವರ, ಎರಡನೆಯ ಎಣಿಕೆಗೆ ಪಕ್ಕದ ಸರಿಸ್ವರ, ಮಿಕ್ಕ ಎರಡು ಎಣಿಕೆ ಮೌನ. ನಾಲ್ಕಾರು ಬಾರಿ ಆಗುವಷ್ಟರಲ್ಲಿ ಮಕ್ಕಳು ಮುಗುಳುನಗಲಾರಂಭಿಸುತ್ತಾರೆ. ತಪ್ಪೆಂದುಕೊಂಡಿದ್ದ ನಾದವು ಮುಂದಿನ ನಾದಕ್ಕೆ ಮೆಟ್ಟಿಲಾಗಿ ಕೇಳಿಸುತ್ತದೆ. ಕ್ಲಾರಿನೆಟ್ಟಿನ ಮಕ್ಕಳು ಹೊಸ ಬೆರಳುಗಳಿಗಾಗಿ ತಡಕಾಡುತ್ತಾರೆ, ತುತ್ತೂರಿಯವರು ಗುಂಡಿಗಳನ್ನು ನೋಡಿಕೊಳ್ಳುತ್ತಾರೆ. ಈ ಪಾಠದಲ್ಲಿ ಎಲ್ಲರಿಗಿಂತ ಮುಂದಾಗುವವನು ಟ್ರಾಂಬೋನಿನ ಹುಡುಗ. ಕೊಳವೆಯನ್ನು ನಾಲ್ಕು ಬೆರಳಷ್ಟು ಜಾರಿಸಿದರೆ ಅವನ ಕೆಲಸ ಮುಗಿಯಿತು.